ಹನಿ ಮರೆತ ಭಾನುವಾರ

ಕನ್ನಡಕ ಗಂಡನ ಹಣೆಯ ಮೇಲೇ ಇತ್ತು. ಅದು ಎಲ್ಲಿದೆ ಎಂದು ಕೇಳಲು ಅವನು ಹೆಂಡತಿಯ ಪ್ರಯೋಗಾಲಯಕ್ಕೆ ಫೋನು ಮಾಡಿದ್ದೇ ಎಲ್ಲದಕ್ಕೂ ಮೂಲ.

"ಹಣೆ ಮುಟ್ಟಿ ನೋಡ್ಕೊಳ್ಳಿ."

"ಓ, ಸಿಕ್ತು! ಕೆಲಸದ ಮಧ್ಯೆ ತೊಂದ್ರೆ ಕೊಟ್ನೇನೆ?"

"ಪರವಾಗಿಲ್ಲ," ಎಂದಳು ಅಕ್ಕ. ಪ್ರಯೋಗಾಲಯದ ಕಿರಿಯರಿಗೆಲ್ಲ ಅವಳು ಅಕ್ಕ. ಆ 'ಪರವಾಗಿಲ್ಲ' ಮಾತ್ರ ಕೆಟ್ಟ ನಲ್ಲಿಯ ಹಾಗೆ ಅವಳ ಬಾಯಿಂದ ದಿನವಿಡೀ ತೊಟ್ಟಿಕ್ಕುತ್ತಿತ್ತು.

ಗಾಜಿನ ತಟ್ಟೆಯಲ್ಲಿ ಬೆಳೆಯುವ ಜೀವಕೋಶಗಳಿಗೆ ಆಹಾರ ಹಾಕುವುದು ಅವಳ ಕೆಲಸ. ಆರು ವರ್ಷದಿಂದ ಒಂದು ಭಾನುವಾರವೂ ತಪ್ಪಿಲ್ಲ. ಕೋಶದೊಳಗಿನ ಮೈಟೋಕಾಂಡ್ರಿಯ ಚೂರೇ ಚೂರು ಪೆರಾಕ್ಸೈಡ್ ಬಿಟ್ಟು ಕೋಶಕೇಂದ್ರಕ್ಕೆ ಸುದ್ದಿ ಕಳಿಸುತ್ತದಂತೆ. ಸುದ್ದಿ ಹೊರಟರೆ ಹಸಿರು ಬೆಳಕು ಮಿನುಗಬೇಕು. ಈ ಪ್ರಯೋಗ ಶುರುವಾಗಿ ಎರಡು ವರ್ಷವಾದರೂ ಮಿನುಗಿರಲಿಲ್ಲ. "ಇವತ್ತು ಕಂಡ್ರೆ ಇನ್ಮೇಲೆ ಭಾನುವಾರ ನಿಮಗೆ ರಜ," ಎಂದಿದ್ದರು ಮುಖ್ಯಸ್ಥರು.

ಮಧ್ಯಾಹ್ನ ಅವಳಿಗೆ ತಟ್ಟನೆ ನೆನಪಾಯಿತು. ಕನ್ನಡಕದ ಫೋನಿನ ಗಡಿಬಿಡಿಯಲ್ಲಿ ಆಂಟಿಆಕ್ಸಿಡೆಂಟ್ ಹನಿ ಹಾಕಿಲ್ಲ! ಕೋಶಗಳು ಬಾಡದಿರಲಿ ಎಂದು ಮುಖ್ಯಸ್ಥರೇ ಗೋಡೆಗೆ ಅಂಟಿಸಿದ ಕಟ್ಟಳೆ ಅದು. ತಟ್ಟೆ ಆಗಲೇ ಮೈಕ್ರೋಸ್ಕೋಪಿನ ಕೋಣೆ ಸೇರಿತ್ತು.

"ನುಗ್ಗಿ ಎರಡು ಹನಿ ಹಾಕ್ಬಿಡಕ್ಕ," ಎಂದಳು ಸಂಶೋಧನಾ ವಿದ್ಯಾರ್ಥಿನಿ.

"ಕರೆಂಟ್ ಹೋಗಿ ಕೋಶ ಕೆಟ್ಟೋಯ್ತು ಅನ್ನಿ," ಎಂದ ಗಾಜು ತೊಳೆಯುವವನು.

"ಕರೆಂಟ್ ಹೋಗೇ ಇಲ್ವಲ್ಲೋ!" ಎಂದಳು ಅಕ್ಕ.

"ಕಳಿಸೋಣ," ಎಂದವನೇ ಆ ಕೋಣೆಯ ದೀಪದ ಸ್ವಿಚ್ಚು ಆರಿಸಿದ.

"ಯಾರ್ರೀ ಅದು ದೀಪ ಆರಿಸಿದ್ದು!" ಇನ್ನೂ ತಟ್ಟೆ ಜೋಡಿಸುತ್ತಿದ್ದ ಮುಖ್ಯಸ್ಥರು ಒಳಗಿಂದ ಗುಡುಗಿದರು. ಮರುಕ್ಷಣ ದನಿ ಬದಲಾಯಿತು. "ಅಯ್ಯೋ... ಎಲ್ರೂ ಬನ್ನಿ ಇಲ್ಲಿ!"

ಕತ್ತಲಲ್ಲಿ ಪರದೆಯ ತುಂಬ ಹಸಿರು. ಮಿಂಚುಹುಳಗಳ ಹಿಂಡೇ ಕೋಶಕೇಂದ್ರದ ಕಡೆ ಹೊರಟಂತಿತ್ತು.

"ಸರ್, ತಪ್ಪಾಯ್ತು. ಇವತ್ತು ಹನಿ ಹಾಕೋದು ಮರೆತೆ," ಎಂದಳು ಅಕ್ಕ.

ಮುಖ್ಯಸ್ಥರು ಹಣೆ ಚಚ್ಚಿಕೊಂಡರು. "ಹಾಗಾದ್ರೆ ಈ ಕೋಶಗಳು ದಿನಾ ಹೇಳ್ತಾನೇ ಇದ್ವು! ಆ ಹನಿ ಹಾಕಿ ಪೆರಾಕ್ಸೈಡನ್ನೇ ಅಳಿಸಿ ನಾವೇ ಬಾಯಿ ಮುಚ್ಚಿಸ್ತಿದ್ವಿ. ನೀವು ಗೆಲ್ಲಿಸಿದ್ರಿ ಕಣ್ರೀ!"

ಚಪ್ಪಾಳೆಗೆ ಗಾಜಿನ ಸೀಸೆಗಳೂ ಝಣಗುಟ್ಟಿದವು. ಆರು ವರ್ಷದಲ್ಲಿ ಮೊದಲ ಸಲ ಅಕ್ಕ ಬೆನ್ನು ನೆಟ್ಟಗೆ ಮಾಡಿ ನಿಂತಳು. ಕೇಳಿಯೇಬಿಟ್ಟಳು.

"ಸರ್, ನನ್ನ ಭಾನುವಾರ?"

"ಹ್ಞಾಂ, ಭಾನುವಾರ! ಇನ್ಮೇಲೆ ಈ ಕೋಶಗಳನ್ನ ನಿಮ್ಮನ್ನ ಬಿಟ್ಟು ಯಾರೂ ಮುಟ್ಟೋ ಹಾಗಿಲ್ಲ. ಭಾನುವಾರ ಎರಡು ಸಲ ಬನ್ನಿ."

ಅವಳ ಎದೆಯಲ್ಲಿ ಏನೋ ಹಸಿರಾಗಿ ಮಿನುಗಿತು. ಗಂಟಲವರೆಗೂ ಬಂತು. ತುಟಿ ತೆರೆದಳು.

"ಪರವಾಗಿಲ್ಲ ಸರ್."