‘ಅಬ್ಬಾ’ ಕೇಳಿಸುವ ಸ್ಪೀಕರು

ಅಂಗಡಿಗೆ ಹೋಗಿ ಮರ್ಯಾದೆ ಕಳೆದುಕೊಂಡು ಬರುವುದು ನನಗೆ ಹೊಸದೇನಲ್ಲ. ಚಪ್ಪಲಿ ಕೊಳ್ಳಲು ಹೋದರೂ ಏನಾದರೊಂದು ಆಗಿಯೇ ತೀರುತ್ತದೆ. ಹಾಗಿರುವಾಗ ಸ್ಪೀಕರ್ ಕೊಳ್ಳಲು ಹೊರಟವನು ಸುಮ್ಮನೆ ವಾಪಸು ಬರುವುದುಂಟೆ?

ನಾನು ರಿಟೈರ್ ಆದ ದನದ ಡಾಕ್ಟರು. ಹಾಡುವ ಚಟವಿದೆ. ಬದುಕಿನಲ್ಲಿ ಮಾಡಿರುವುದು ಒಂದೇ ಕಛೇರಿ, ಅದೂ ನಮ್ಮ ಬಡಾವಣೆಯ ರಾಮನವಮಿ ಪೆಂಡಾಲಿನಲ್ಲಿ. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಟುಕೊಂಡು ಅದನ್ನು ರೆಕಾರ್ಡ್ ಮಾಡಿದ್ದಳು. ಈಗ ಅದು ಪೆನ್ ಡ್ರೈವಿನಲ್ಲಿದೆ. ಕಲ್ಯಾಣಿ ರಾಗದ ಆಲಾಪನೆಯಲ್ಲಿ ನಾನು ಮೇಲಿನ ಷಡ್ಜ ಮುಟ್ಟುತ್ತಿದ್ದಂತೆ ಒಂದು ಹೆಣ್ಣುದನಿ ‘ಅಬ್ಬಾ’ ಎನ್ನುತ್ತದೆ. ಅವಳದೇ ದನಿ. ಮೂವತ್ತೈದು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಹೊಗಳಿದ್ದಕ್ಕೆ ಇರುವ ಪುರಾವೆ ಅದೊಂದೇ. ‘ನೀನೇ ತಾನೇ ಅಂದಿದ್ದು?’ ಎಂದು ಕೇಳಿದರೆ, ‘ಅಂದಿರ್ತೀನಿ ಬಿಡಿ’ ಎನ್ನುತ್ತಾಳೆ.

ಮೊಬೈಲಿನಲ್ಲಿ ಅದು ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳುತ್ತದೆ. ಆ ‘ಅಬ್ಬಾ’ವನ್ನು ಒಂದು ಸಲವಾದರೂ ಸ್ಪಷ್ಟವಾಗಿ ಕೇಳಲೇಬೇಕೆಂದು ಹಟ ಹಿಡಿದೆ. ಪೆನ್ ಡ್ರೈವನ್ನು ಜೇಬಿಗೆ ಹಾಕಿಕೊಂಡು, ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ.

೧. ಐದು ಸಾವಿರದ ಜೋಡಿ

ಮೊದಲು ಹೋದದ್ದು ಕೆಸರೆ ಬಡಾವಣೆಗೆ. ಅಲ್ಲಿನ ಅಂಗಡಿಯವನು ಸ್ಪೀಕರ್ ಮಾರುತ್ತಾನೆ, ಮದುವೆ ಮನೆಗಳಿಗೆ ಸೌಂಡ್ ಸಿಸ್ಟಮ್ಮು ಬಾಡಿಗೆಗೂ ಕೊಡುತ್ತಾನೆ. ಹಿಂದೆ ಅವನ ಎಮ್ಮೆಗೆ ಹೆರಿಗೆ ಕಷ್ಟವಾದಾಗ ಹೋಗಿ ಕರು ಎಳೆದಿದ್ದವನು ನಾನೇ.

‘ಬನ್ನಿ ಡಾಕ್ಟ್ರೇ! ಬೇಸ್ ಎಂಗದೆ ಕೇಳಿ. ಗೋಡೆ ಅದುರೋಯ್ತದೆ!’

ನನ್ನ ಪೆನ್ ಡ್ರೈವ್ ಹಾಕಿದ. ಗೋಡೆ ನಿಜಕ್ಕೂ ಅದುರಿತು. ‘ಅಬ್ಬಾ’ ಹಾಗಿರಲಿ, ಕಲ್ಯಾಣಿಯೇ ಸಿಗಲಿಲ್ಲ. ಅವನು ಮಾತ್ರ ತಲೆ ಬಗ್ಗಿಸಿ ಬಹಳ ಹೊತ್ತು ಕೇಳಿದ. ಆಮೇಲೆ ಕಣ್ಣರಳಿಸಿ ಹೇಳಿದ:

‘ನಮ್ಮೆಮ್ಮೆ ಅವತ್ತು ಇಂಗೇ ಕೂಗ್ತಿತ್ತು ಕಣ್ರೀ ಡಾಕ್ಟ್ರೇ. ರೆಕಾರ್ಡ್ ಮಾಡ್ಕಂಡಿದ್ರಾ?’

೨. ನಲವತ್ತು ಸಾವಿರದ ಜೋಡಿ

ಎರಡನೆಯದು ಏಸಿ ಹಾಕಿದ ಶೋರೂಮು. ‘ಇದರಲ್ಲಿ ಗಾಯಕರ ದನಿ ಮುಂದಕ್ಕೆ ಬರುತ್ತೆ ಸರ್’ ಎಂದ ಸೇಲ್ಸ್‌ಮನ್ನು. ನನ್ನ ಹೆಂಡತಿ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡಳು.

ತಂಬೂರಿ ಕೇಳಿಸಿತು. ಪಿಟೀಲಿನವರು ಕೆಮ್ಮಿದ್ದೂ ಕೇಳಿಸಿತು. ಷಡ್ಜ ಬಂತು. ಆ ದನಿಯೂ ಬಂತು: ‘ಡಬ್ಬ’.

ಮತ್ತೆ ಹಾಕಿಸಿದೆ. ಡಬ್ಬ. ಇನ್ನೊಮ್ಮೆ ಹಾಕಿಸಿದೆ. ಡಬ್ಬವೇ. ಓಡದ ಸ್ಕೂಟರಿಗೂ ಕೆಟ್ಟ ಸಿನಿಮಾಕ್ಕೂ ನಾವೆಲ್ಲ ಅನ್ನುವ ಮಾತದು.

‘ನನ್ನ ಕಲ್ಯಾಣಿ ಡಬ್ಬನೇನೇ?’

‘ಅಯ್ಯೋ, ಅದು ಸ್ಟೀಲ್ ಡಬ್ಬ ಇರ್ಬೇಕು ಕಣ್ರೀ. ರಾಮನವಮಿ ಅಲ್ವಾ, ಕೋಸಂಬರಿಗೆ ಒಯ್ದಿರ್ತೀನಿ.’

‘ಇರ್ಬೇಕು ಅಂದ್ರೆ? ಸರಿಯಾಗಿ ಹೇಳು!’

‘ಯಾವ ಕಾಲದ್ದೋ! ನೆನಪಿಟ್ಕೊಂಡು ಕೂತಿರೋಕಾಗುತ್ತಾ?’

ಅಕ್ಕಪಕ್ಕದ ಗಿರಾಕಿಗಳು ತಿರುಗಿ ನೋಡತೊಡಗಿದರು. ಸೇಲ್ಸ್‌ಮನ್ನು ಕೈಮುಗಿದು, ‘ಸರ್, ಸ್ವಲ್ಪ ವಾಲ್ಯೂಮ್ ಕಮ್ಮಿ ಮಾಡಿ’ ಎಂದ. ಸ್ಪೀಕರನ್ನು ಅವನು ಆಗಲೇ ಆಫ್ ಮಾಡಿಯಾಗಿತ್ತು.

೩. ಎರಡು ಲಕ್ಷದ ಜೋಡಿ

ಡಬ್ಬದ ಹಿಂದುಮುಂದಿನ ಮಾತು ಕೇಳದೆ ನನಗೆ ಊಟ ಸೇರುವಂತಿರಲಿಲ್ಲ. ಯೋಗ ಕಲಿಯಲು ವಿದೇಶಿಯರು ಬಂದು ತುಂಬಿಕೊಂಡಿರುವ ಗೋಕುಲಂ ಬಡಾವಣೆಗೆ ನೇರ ಸ್ಕೂಟರ್ ತಿರುಗಿಸಿದೆ. ಎರಡು ಲಕ್ಷ ಕೊಡುವ ಶಕ್ತಿ ನನಗಿರಲಿಲ್ಲ. ತಿಳಿದುಕೊಂಡೇ ಹೋಗುವ ಹಟವಿತ್ತು.

ಸ್ಪೀಕರ್ ಅಂಗಡಿಯೆಂದರೆ ಮಹಡಿಯ ಮೇಲೊಂದು ಕೋಣೆ. ಬಾಗಿಲಲ್ಲೇ ಚಪ್ಪಲಿ ಬಿಡಬೇಕು. ಒಳಗೆ ಬಿಳಿಯ ಹೆಂಗಸೊಬ್ಬಳು ಕಣ್ಣು ಮುಚ್ಚಿ ಏನೋ ಕೇಳುತ್ತಾ ಕೂತಿದ್ದಳು. ‘ಯೋಗದ ಕ್ಲಾಸಿಗೆ ಬಂದ್ವೇನ್ರೀ?’ ಎಂದು ನನ್ನವಳು ಪಿಸುಗುಟ್ಟಿದಳು.

ಮಾಲೀಕರು ನಮ್ಮಿಬ್ಬರನ್ನೂ ಅಕ್ಕಪಕ್ಕ ಕೂರಿಸಿ ಪೆನ್ ಡ್ರೈವ್ ಹಾಕಿದರು. ಪೆಂಡಾಲಿನ ಫ್ಯಾನು ಕಿರುಗುಟ್ಟುವುದು ಕೂಡ ಕೇಳಿಸಿತು. ರೆಕಾರ್ಡಿನಲ್ಲಿ ನಾನು ಷಡ್ಜ ಮುಟ್ಟಿದೆ. ಆಗ ನನ್ನ ಹೆಂಡತಿಯ ದನಿ, ಅಕ್ಷರ ಅಕ್ಷರವೂ ಬಿಡಿಬಿಡಿಯಾಗಿ, ಪಕ್ಕದ ಮನೆಯಾಕೆಗೆ ಹೇಳಿತು:

‘ಡಬ್ಬ ತಂದಿದೀಯೇನೇ? ಇವರು ಈಗ್ಲೇ ನಿಲ್ಸೋ ಹಾಗೆ ಕಾಣಲ್ಲ. ಎದ್ಬಾ, ಕೋಸಂಬರಿ ಖಾಲಿ ಆಗ್ಬುಡತ್ತೆ!’

ಹಿಂದೆಯೇ ಎರಡು ಜೊತೆ ಚಪ್ಪಲಿಗಳ ಸದ್ದು ಎಡಗಡೆಯ ಸ್ಪೀಕರಿನಿಂದ ಹೊರಟು ಬಲಗಡೆಯ ಸ್ಪೀಕರಿನಾಚೆ ನಡೆದು ಹೋಯಿತು. ಡಬ್ಬ ನನ್ನ ಹಾಡಲ್ಲ ಎಂದು ಸಮಾಧಾನವಾಯಿತು. ಕೋಸಂಬರಿಯ ಮುಂದೆ ಹಾಡು ಸೋತಿತಲ್ಲ ಎಂದು ಸಂಕಟವೂ ಆಯಿತು.

ಮಾಲೀಕರು ಮಾತ್ರ ಕುಣಿಯುವುದೊಂದು ಬಾಕಿ. ‘ಏನು ಕ್ಲ್ಯಾರಿಟಿ ನೋಡಿ ಸರ್! ಆ ಹೆಂಗಸು ಇಲ್ಲೇ ನಿಮ್ಮ ಪಕ್ಕದಲ್ಲೇ ಕೂತಿದಾರೆ ಅನ್ನಿಸಲ್ವಾ?’

ಪಕ್ಕಕ್ಕೆ ತಿರುಗಿದೆ. ಕುರ್ಚಿ ಖಾಲಿಯಾಗಿತ್ತು.

‘ಇಲ್ಲ’ ಎಂದೆ. ‘ಎದ್ದು ಹೋದಳು.’

ಚಪ್ಪಲಿ ಸದ್ದು ಇನ್ನೂ ಕೇಳುತ್ತಲೇ ಇತ್ತು. ಈ ಸಲ ಅದು ಹೊರಗಿನ ಮೆಟ್ಟಿಲಿಳಿದು ಹೋಗುತ್ತಿತ್ತು.