ತಾಯಪ್ಪನ ಒಂದು ರೂಪಾಯಿ

ಅಂದು ತಾಯಪ್ಪನಿಗೆ ಬಂದ ತೊಂದರೆಗೆಲ್ಲ ಮೂಲ ಒಂದು ರೂಪಾಯಿ. ಅದನ್ನು ಅವನು ಕಳೆದುಕೊಂಡದ್ದಲ್ಲ, ಯಾರೂ ಕದ್ದದ್ದೂ ಅಲ್ಲ. ಗಡಿಗೆಪ್ಪ ಅವನ ಕೈಯಿಂದ ಅದಕ್ಕಿಂತ ಹೆಚ್ಚು ತೆಗೆದುಕೊಳ್ಳಲು ಒಪ್ಪಲಿಲ್ಲ, ಅಷ್ಟೆ.

ಎಪ್ಪತ್ತೊಂಬತ್ತರ ಕಾರಹುಣ್ಣಿಮೆ. ಮಾನ್ವಿಯ ಹೊರಗಿನ ಬಯಲಿನಲ್ಲಿ ಮಧ್ಯಾಹ್ನ ಎತ್ತುಗಳಿಂದ ಕಲ್ಲು ಎಳೆಸುವ ಪಂದ್ಯವಿತ್ತು. ಎಂಟು ಜೋಡಿ ಬಂದಿದ್ದರೂ ಊರಿನ ಬಾಯಲ್ಲಿ ಎರಡೇ ಹೆಸರು: ಮಲ್ಲಟದ ಜೋಡಿ, ಮಟಮಾರಿಯ ಜೋಡಿ. ಬಸ್ ಸ್ಟ್ಯಾಂಡಿನ ಎದುರು ಚಾದಂಗಡಿ ಇಟ್ಟಿದ್ದ ಗಡಿಗೆಪ್ಪ ಇಂಥ ದಿನಗಳಲ್ಲಿ ಚಹಾದ ಜೊತೆ ಬಾಜಿಯನ್ನೂ ನಡೆಸುತ್ತಿದ್ದ. ಒಂದು ರೂಪಾಯಿ ಹಚ್ಚಿ ಗೆದ್ದರೆ ಎರಡು ಕೈಗೆ ಬರುತ್ತದೆ. ಸೋತರೆ ಆ ಒಂದೂ ಗಡಿಗೆಪ್ಪನ ಗಲ್ಲೆಗೆ. ಯಾರದು ಎಷ್ಟು, ಯಾವ ಜೋಡಿಗೆ ಎಂಬುದನ್ನು ಚಹಾಪುಡಿ ಪಾಕೀಟನ್ನು ಹರಿದು ಅದರ ಒಳಮೈ ಮೇಲೆ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದ.

ತಾಯಪ್ಪ ಎತ್ತುಗಳಿಗೆ ಲಾಳ ಕಟ್ಟುವವನು. ಆ ದಿನ ಬೆಳಿಗ್ಗೆ ಅವನ ಹೆಂಡತಿ ಹುಲಗೆಮ್ಮ ಸೆರಗಿನ ಗಂಟು ಬಿಚ್ಚಿ ಅರವತ್ತು ರೂಪಾಯಿ ಎಣಿಸಿ ಕೊಟ್ಟಿದ್ದಳು, ಎರಡು ತಗಡು ತರಲಿಕ್ಕೆ. ಅಡಿಗೆ ಮಾಡುವ ಪಡಸಾಲೆಯ ಮೇಲಿನ ತಗಡುಗಳು ಜರಡಿಯಾಗಿದ್ದವು. ಹೋದ ಮಳೆಗಾಲವೆಲ್ಲ ಅವಳು ಒಂದು ಕೈಯಲ್ಲಿ ರೊಟ್ಟಿ ಬಡಿಯುತ್ತ ಇನ್ನೊಂದು ಕೈಯಲ್ಲಿ ಒಲೆಯ ಮೇಲೆ ಕೊಡೆ ಹಿಡಿದಿದ್ದಳು. ಹಳೆಯ ತಗಡುಗಳನ್ನು ತನ್ನ ಆಡುಗಳ ಹಟ್ಟಿಗೆ ಕೊಡಬೇಕೆಂದು ಪಕ್ಕದ ಮನೆಯ ಬೂದೆಮ್ಮ ಆಗಲೇ ಹೇಳಿಟ್ಟಿದ್ದಳು.

ತಗಡಿನ ಅಂಗಡಿಗೆ ಹೋಗುವ ದಾರಿ ಚಾದಂಗಡಿಯ ಮುಂದೆಯೇ ಹಾಯುತ್ತಿತ್ತು.

ಮೊನ್ನೆಯಷ್ಟೇ ತಾಯಪ್ಪ ಮಲ್ಲಟದ ಜೋಡಿಗೆ ಲಾಳ ಕಟ್ಟಿದ್ದ. ನೊಗದ ಎಡಗೋಲಿನ ಎತ್ತಿನ ಗೊರಸನ್ನು ತೊಡೆಯ ಮೇಲೆ ಇಟ್ಟುಕೊಂಡು ಕೆತ್ತುವಾಗ ಕೈಗೆ ಒಂದು ಸಂಗತಿ ತಿಳಿದಿತ್ತು. ಅಂಥ ಗೊರಸು ಹದಿನೈದು ವರ್ಷದಲ್ಲಿ ಅವನು ಹಿಡಿದಿರಲಿಲ್ಲ. ಆದ್ದರಿಂದ ಗಡಿಗೆಪ್ಪನ ಮುಂದೆ ನಿಂತು, ಮಲ್ಲಟಕ್ಕೆ ಇಪ್ಪತ್ತು ಬರಕೊ ಅಂದ.

ಗಡಿಗೆಪ್ಪ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. “ನಿಂದು ಒಂದು ರೂಪಾಯಿ ಅಷ್ಟ ತಗೊಂತೀನಿ.”

“ಯಾಕಪ? ಈಗರ ಇನ್ನೊಬ್ಬಾವಂದು ಐವತ್ತು ಬರಕೊಂಡಿ.”

“ಅವಂದು ಬ್ಯಾರೆ, ನಿಂದು ಬ್ಯಾರೆ. ಹಳೆ ಗಿರಾಕಿ ಅಂತ ಒಂದರ ತಗೊಳಾಕತ್ತೀನಿ. ಒಲ್ಲೆಂದ್ರ ಚಾ ಕುಡದು ಹೋಗು.”

ತಾಯಪ್ಪ ಒಂದು ರೂಪಾಯಿ ಇಟ್ಟು ಹೊರಗೆ ಬಂದ. ಅವನ ಮುಖ ಮದುವೆ ಊಟದಲ್ಲಿ ಪಂಕ್ತಿಯಿಂದ ಎಬ್ಬಿಸಿದವನ ಹಾಗಿತ್ತು. ಬೇವಿನ ಗಿಡದ ಕೆಳಗೆ ಸೈಕಲ್ ರಿಪೇರಿ ಮಾಡುತ್ತಿದ್ದ ಅಮೀರ್ ಸಾಬ್ ಎಲ್ಲವನ್ನೂ ಕೇಳಿ, ಟ್ಯೂಬನ್ನು ನೀರಿನಲ್ಲಿ ಮುಳುಗಿಸುತ್ತಲೇ ವಿವರಿಸಿದ. ಬಾಜಿ ಹಿಡಿಯುವವರ ರಿವಾಜೇ ಅದು. ಏನೂ ತಿಳಿಯದವನಿಂದ ನೂರು ತೆಗೆದುಕೊಳ್ಳುತ್ತಾರೆ, ಒಳಗಿನ ಸಂಗತಿ ಗೊತ್ತಿದ್ದವನಿಂದ ಒಂದಕ್ಕಿಂತ ಹೆಚ್ಚು ಮುಟ್ಟುವುದಿಲ್ಲ.

“ನೀ ಎತ್ತಿನ ಕಾಲ ಹಿಡಿಯಾವ. ಅವಂಗ ಡರ್ ಹತ್ಯದ,” ಅಂದ ಅಮೀರ್ ಸಾಬ್.

ಈ ಮಾತು ತಾಯಪ್ಪನೊಳಗೆ ಪಂಪು ಹೊಡೆದಂತೆ ಇಳಿಯಿತು. ಏಳು ವರ್ಷದಿಂದ ಅವನು ಬಾಜಿ ಕಟ್ಟುತ್ತಿದ್ದ. ಕುಸ್ತಿಗೆ, ಕಬಡ್ಡಿಗೆ, ಕಲ್ಲಿಗೆ. ಹೋದ ವರ್ಷ ಕಟ್ಟಿದ್ದ ದೇವದುರ್ಗದ ಜೋಡಿಯಂತೂ ನಡುದಾರಿಯಲ್ಲಿ ನಿಂತು, ಸಾವಕಾಶ ಉಚ್ಚೆ ಹೊಯ್ದು, ಮತ್ತೆ ಹೆಜ್ಜೆ ಎತ್ತಲಿಲ್ಲ. ಎತ್ತಿನ ಕಾಲು ಹಿಡಿಯುವುದು ಗೊತ್ತು, ಎತ್ತು ಗೊತ್ತಿಲ್ಲ ಎಂದು ಹುಲಗೆಮ್ಮ ಬೀಗರ ಎದುರಿಗೇ ಅಂದಿದ್ದಳು. ಈಗ ನೋಡಿದರೆ ಗಡಿಗೆಪ್ಪನಂಥ ಗಡಿಗೆಪ್ಪ ಅವನ ತಲೆಗೆ ಹೆದರಿದ್ದಾನೆ. ಶಾಲೆ ಕಾಣದ ತಾಯಪ್ಪನಿಗೆ ಜೀವಮಾನದಲ್ಲಿ ಸಿಕ್ಕ ಮೊದಲ ಸರ್ಟಿಫಿಕೇಟು ಅದು.

ಇನ್ನು ಸುಮ್ಮನಿರುವುದು ಹೇಗೆ? ಅಮೀರ್ ಸಾಬನ ಕೈಯಲ್ಲಿ ಇಪ್ಪತ್ತು ಕೊಟ್ಟು ಕಳಿಸಿದ. ಗಡಿಗೆಪ್ಪ ನೋಟನ್ನು ಮೂಗಿನ ಹತ್ತಿರ ಹಿಡಿದು, ಗೊರಸು ಕೆತ್ತಿದ ವಾಸನೆ ಬರುತ್ತದೆ ಅಂದು ತಿರುಗಿಸಿ ಕೊಟ್ಟ. ಕಾಯಿಪಲ್ಲೆ ಮಾರಲು ಕೂತಿದ್ದ ಬೂದೆಮ್ಮನ ಕಾಲು ಹಿಡಿದು ಕಳಿಸಿದ. ಕೊತ್ತಂಬರಿಯಲ್ಲಿ ಸುತ್ತಿಟ್ಟರೂ ಗಡಿಗೆಪ್ಪನ ಮೂಗು ಆ ನೋಟಿನ ಕುಲ ಹಿಡಿಯಿತು. ಪ್ರತಿ ಸಲ ನೋಟು ಹಿಂದೆ ಬಂದಾಗ ತಾಯಪ್ಪನ ಎದೆ ಒಂದು ಬೆರಳು ಅಗಲವಾಯಿತು.

ಬೇವಿನ ಕೆಳಗೆ ಜನ ಕೂಡಿದರು. ಕ್ಷೌರ ಮಾಡುತ್ತಿದ್ದ ಪಕೀರಪ್ಪ ಗಿರಾಕಿಯ ಒಂದು ಗಲ್ಲದ ಸೋಪು ಹಾಗೇ ಬಿಟ್ಟು ಬಂದ. ಯಾವ ಜೋಡಿ ಎಂದು ಕೇಳಿದರು. ತಾಯಪ್ಪ ಮಲ್ಲಟ ಅಂದ.

“ಖರೇನ? ಮನಸು ಬದಲಾಗಾದಿಲ್ಲಲ್ಲ?” ಅಂದ ಪಕೀರಪ್ಪ.

“ನನ್ನ ಸುತ್ತಿಗಿ ಆಣಿ, ಮಲ್ಲಟ.”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮೆಲ್ಲಗೆ ಕರಗಿದರು. ಎಲ್ಲರ ಕಾಲೂ ಚಾದಂಗಡಿಯ ಕಡೆಗೇ. ಅಮೀರ್ ಸಾಬ್ ಕೂಡ ಕೈ ಒರೆಸಿಕೊಂಡು ಹೋದ. ಗಿಡದ ಕೆಳಗೆ ಒಬ್ಬನೇ ಉಳಿದ ತಾಯಪ್ಪನ ಕಣ್ಣು ಒದ್ದೆಯಾದವು. ತನ್ನ ಒಂದು ಮಾತಿಗೆ ಊರಿಗೆ ಊರೇ ಎದ್ದು ಹೋಗುತ್ತದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ.

ಹನ್ನೆರಡರ ಹೊತ್ತಿಗೆ ಗಡಿಗೆಪ್ಪ ಅವನನ್ನು ತಾನೇ ಕರೆಸಿ ಅಂಗಡಿಯ ಹಿಂದೆ, ಸೌದೆ ಒಟ್ಟಿದ ಕಡೆಗೆ ಕರೆದುಕೊಂಡು ಹೋದ. ಅವನ ಬನಿಯನ್ನು ಬೆವರಿನಲ್ಲಿ ತೊಯ್ದಿತ್ತು. ಕೈಯಲ್ಲಿದ್ದ ಪಾಕೀಟು ಎರಡೂ ಕಡೆ ತುಂಬಿತ್ತು.

“ನಂಗೊಂದು ಉಪಕಾರ ಮಾಡು. ಬೇವಿನ ಗಿಡದ ಕೆಳಗ ನಿಂತು, ಮನಸು ಬದಲಿಸೀನಿ, ಮಟಮಾರಿ ಗೆಲ್ತದ ಅಂತ ಒದರು.”

“ಯಾಕ? ಎಲ್ಲಾರು ನನ್ನ ಮಾತು ಕೇಳಿ ಮಲ್ಲಟಕ್ಕ ಹಚ್ಯಾರಂತ ಹೊಟ್ಯಾಗ ಉರಿ ಬಿತ್ತೇನು?”

ಗಡಿಗೆಪ್ಪ ಪಾಕೀಟನ್ನು ಅವನ ಮುಂದೆ ಹಿಡಿದ. ಅಕ್ಷರ ಬಾರದಿದ್ದರೂ ತಾಯಪ್ಪನಿಗೆ ಗೀಟು ಎಣಿಸಲು ಬರುತ್ತಿತ್ತು. ಮಲ್ಲಟದ ಕೆಳಗೆ ಒಂದೇ ಒಂದು ಗೀಟು, ಅವನದು. ಉಳಿದವೆಲ್ಲ ಮಟಮಾರಿಯ ಕೆಳಗೆ ಇರುವೆ ಸಾಲಿನಂತೆ ಇದ್ದವು.

“ನಾ ರೊಕ್ಕ ನೋಡಿ ಬಾಜಿ ತಗೊಳಾದಿಲ್ಲ ತಾಯಪ್ಪ, ಮನಿಷ್ಯಾನ್ನ ನೋಡಿ ತಗೊಂತೀನಿ,” ಅಂದ ಗಡಿಗೆಪ್ಪ. “ಎತ್ತಿನ ಮಾಲಕನ ಅಳಿಯ ಬಂದ್ರ ಐದಕ್ಕ ಕೈ ಮುಗೀತೀನಿ, ಅವಂಗ ಗೊತ್ತಿರ್ತದ. ಕುಡದು ಬಂದಾವಂದು ನೂರು ತಗೊಂತೀನಿ, ಅವಂಗ ಏನೂ ಗೊತ್ತಿರಾದಿಲ್ಲ. ನಿಂದು ಇವೆರಡೂ ಅಲ್ಲ. ಏಳು ವರ್ಷದಾಗ ಒಮ್ಮೆರ ಗೆದ್ದಿಯೇನು?”

ತಾಯಪ್ಪ ನೆನಪು ಮಾಡಿಕೊಳ್ಳಲು ನೋಡಿದ.

“ಯಾವತ್ತೂ ಸೋಲಾವ ಸಿಗಬೇಕಂದ್ರ ಪುಣ್ಯ ಬೇಕು. ಊರಿಗೆ ನೀ ಸಿಕ್ಕೀದಿ. ನೀ ಒಂದು ಕಡಿ ಹಚ್ಚಿದ್ರ ಊರೆಲ್ಲ ಇನ್ನೊಂದು ಕಡಿ ಹಚ್ತದ. ನಿನ್ನಿಂದ ನನಗ ಹತ್ತು ಬಂದ್ರ ಊರಿಗೆ ಇನ್ನೂರು ಹೋಗ್ತದ. ನಿನ್ನ ರೊಕ್ಕ ನನಗ ಭಾಳ ತುಟ್ಟಿ ಬೀಳ್ತದ.”

“ಅಮೀರ್ ಸಾಬನೂ?”

“ಅವನ ಹೊಸ ಪಂಪು ಎಲ್ಲಿಂದ ಬಂತು ಅಂತ ತಿಳಕೊಂಡಿ?”

ತಾಯಪ್ಪ ಸೌದೆಯ ಮೇಲೆ ಕೂತ. ಊರು ತನ್ನನ್ನು ನಂಬಿದ್ದು ನಿಜವೇ. ಹುಚ್ಚನೆಂದು ಬಿಟ್ಟಿರಲಿಲ್ಲ, ಹವಾಮಾನದ ವರದಿ ಕೇಳುವಂತೆ ಕೇಳುತ್ತಿತ್ತು, ಕೇಳಿ ತಿರುಗಾಮುರುಗಾ ಮಾಡಿಕೊಳ್ಳುತ್ತಿತ್ತು. ಏಳು ವರ್ಷದಲ್ಲಿ ಒಬ್ಬನೂ ಒಂದು ಮಾತು ಹೇಳಿರಲಿಲ್ಲ. ಹೇಳಿದರೆ ಆ ಬಾವಿ ಬತ್ತಿಹೋಗುತ್ತಿತ್ತಲ್ಲ.

ಒದರಲಿಕ್ಕೆ ಅವನು ಒಪ್ಪಲಿಲ್ಲ. ಸುತ್ತಿಗೆಯ ಆಣೆ ಹಾಕಿದ್ದೇನೆ, ನಿನ್ನ ಸಲುವಾಗಿ ಊರಿಗೆ ಸುಳ್ಳು ಹೇಳಲಾರೆ ಅಂದ. ಆದರೆ ಕಿಸೆಯಲ್ಲಿ ಐವತ್ತೊಂಬತ್ತು ರೂಪಾಯಿ ಇದ್ದವು, ತಲೆಯಲ್ಲಿ ತಗಡು ಇತ್ತು. ಮೊನ್ನೆ ಹಿಡಿದ ಗೊರಸಿನ ನೆನಪು ಅಂಗೈಯಲ್ಲಿ ಇನ್ನೂ ಬೆಚ್ಚಗಿತ್ತು; ಕೈ ಮಲ್ಲಟ ಅನ್ನುತ್ತಿತ್ತು. ಏಳು ವರ್ಷದ ಸೋಲುಗಳು ಮಟಮಾರಿ ಅನ್ನುತ್ತಿದ್ದವು. ಊರೆಲ್ಲ ಅವನ ಸೋಲಿನ ಮೇಲೆ ಬಾಳುವೆ ಮಾಡಿಕೊಂಡಿರುವಾಗ ಅವನೊಬ್ಬನೇ ಯಾಕೆ ಹೊರಗಿರಬೇಕು?

“ಗುಟ್ಟಿಲೆ ಬರಕೊ,” ಅಂದ ಕೊನೆಗೆ. “ಐವತ್ತೊಂಬತ್ತು. ಮಟಮಾರಿಗೆ.”

ಗಡಿಗೆಪ್ಪ ಅವನ ಮುಖವನ್ನೇ ನೋಡಿದ. ಹೇಳಿದ್ದನ್ನು ಇನ್ನೊಮ್ಮೆ ಹೇಳಿಸಿದ. ಆಮೇಲೆ ನೋಟುಗಳನ್ನು ಮೂಸದೆ ತೆಗೆದುಕೊಂಡ. ಹೆಗಲ ಮೇಲಿನ ಟವೆಲಿನಿಂದ ಬೆವರು ಒರೆಸಿಕೊಂಡು, ಕೆನೆ ಹಾಕಿದ ಒಂದು ಚಹಾ ತರಿಸಿ ತಾಯಪ್ಪನಿಗೆ ಪುಕ್ಕಟೆ ಕುಡಿಸಿದ.

ಪಂದ್ಯದಲ್ಲಿ ಒಂದೊಂದು ಜೋಡಿಗೂ ಹದಿನೈದು ನಿಮಿಷ. ಅಷ್ಟರಲ್ಲಿ ಕಲ್ಲನ್ನು ಯಾರು ಹೆಚ್ಚು ದೂರ ಎಳೆದರೆ ಅವರದು ಗೆಲುವು. ಮಟಮಾರಿಯ ಜೋಡಿ ಕಲ್ಲನ್ನು ಕುಂಬಳಕಾಯಿ ಎಂದು ತಿಳಿದಂತೆ ಎಳೆಯಿತು. ಊರು ಕುಣಿಯಿತು. ಗುಂಪಿನ ನಡುವೆ ತಾಯಪ್ಪ ಮಾತ್ರ ಮುಖ ಬಾಡಿಸಿಕೊಂಡು ನಿಂತು, ಒಳಗೊಳಗೇ ಕುಣಿದ. ಜನ ಅವನ ಬೆನ್ನು ತಟ್ಟಿ ಸಮಾಧಾನ ಹೇಳಿದರು.

ಕೊನೆಗೆ ಮಲ್ಲಟದ ಜೋಡಿ ಬಂತು. ಹದಿನಾಲ್ಕು ನಿಮಿಷಕ್ಕೆ ಅದು ಮಟಮಾರಿಯ ಗುರುತಿಗಿಂತ ಎರಡು ಮಾರು ಹಿಂದಿತ್ತು. ಅಲ್ಲಿ ನೆಲ ನುಣುಪಾಗಿತ್ತು, ಉಳಿದ ಜೋಡಿಗಳೆಲ್ಲ ಜಾರಿದ್ದು ಅಲ್ಲೇ. ಎಡಗೋಲಿನ ಎತ್ತಿನ ಮುಂಗಾಲು ಜಾರಿತು. ಲಾಳ ನೆಲವನ್ನು ಕಚ್ಚಿತು. ಅವನೇ ಬಡಿದ ಮೊಳೆ, ಅವನೇ ಮಟ್ಟಸ ಮಾಡಿದ ಅಂಚು. ಅದು ಕಚ್ಚಿದ್ದನ್ನು ಅಷ್ಟು ದೂರದಿಂದಲೂ ಅವನ ಅಂಗೈ ತಿಳಿದುಕೊಂಡಿತು. ಎತ್ತು ಮಂಡಿಯೂರಿ ಎದ್ದು ಎಳೆಯಿತು. ಸೀಟಿ ಊದಿದಾಗ ಕಲ್ಲು ಮಟಮಾರಿಯ ಗುರುತಿನಿಂದ ಒಂದು ಮೊಳ ಮುಂದೆ ಇತ್ತು.

ಕುಣಿಯುತ್ತಿದ್ದವರ ಕಾಲು ನಿಂತವು. ಆಮೇಲೆ ಎಲ್ಲರೂ ತಾಯಪ್ಪನ ಕಡೆಗೆ ತಿರುಗಿದರು.

“ಇಷ್ಟು ವರ್ಷ ನಂಬಿದ್ವಿ ಲೇ,” ಅಂದ ಪಕೀರಪ್ಪ, ನಿಜವಾಗಿ ನೊಂದು. “ಹಬ್ಬದ ದಿನ ಹಿಂಗ ಖರೆ ಹೇಳಿ ಕುತ್ತಿಗಿ ಕೊಯ್ತಿಯಂತ ತಿಳದಿದ್ದಿಲ್ಲ.”

ತಾಯಪ್ಪ ಚಾದಂಗಡಿಗೆ ಹೋದಾಗ ಗಡಿಗೆಪ್ಪ ಮಲ್ಲಟದ ಆ ಒಂದು ಗೀಟಿಗೆ ಎರಡು ರೂಪಾಯಿ ಎಣಿಸಿ ಕೊಟ್ಟ.

“ನೀ ಒಳಗಿಂದೊಳಗ ಮಟಮಾರಿಗೆ ಹಚ್ಚಿದಿ ನೋಡು, ಆವಾಗ ನನಗ ಜೀವ ಬಂತು. ಇನ್ನ ಮ್ಯಾಲೆ ನಿಂದು ಎಷ್ಟಿದ್ರೂ ತಗೊಂತೀನಿ. ನನಗೊಬ್ಬಂಗ ಹೇಳು, ಅಷ್ಟ.”

ಸಂಜೆ ತಾಯಪ್ಪ ಮನೆಗೆ ನಡೆದ. ಪಡುವಣದಲ್ಲಿ ಮೋಡ ಎಮ್ಮೆ ಹಿಂಡಿನಂತೆ ಏಳುತ್ತಿತ್ತು. ಬೈಸಿಕೊಳ್ಳಲು ಅವನು ಮನಸ್ಸು ಗಟ್ಟಿ ಮಾಡಿಕೊಂಡಿದ್ದ. ಆದರೆ ಹುಲಗೆಮ್ಮ ಹೊಸ್ತಿಲಲ್ಲಿ ತಂಬಿಗೆ ನೀರು ಹಿಡಿದು ನಿಂತಿದ್ದಳು. ಮದುವೆಯಾದ ವರ್ಷ ಬಿಟ್ಟರೆ ಅವಳು ಹಾಗೆ ನಿಂತದ್ದು ಅವನಿಗೆ ನೆನಪಿಲ್ಲ.

“ತಗಡಿನ ರೊಕ್ಕ ಹಿಡಕೊಂಡು ಚಾದಂಗಡ್ಯಾಗ ಕುಂತೀದಿ ಅಂತ ಬೂದೆಮ್ಮ ಹೇಳ್ದಾಗ ಎದಿ ಒಡದಿತ್ತು ನಂದು,” ಅಂದಳು. “ಈಗ ಊರೆಲ್ಲ ಅಂತದ, ತಾಯಪ್ಪ ಮುಂಜಾನಿಂದ ಮಲ್ಲಟ ಅಂತ ಒಬ್ಬಾವ ಒದರಿದ್ನಂತ, ಅದ ಗೆದ್ದದಂತ. ನಾ ಬೀಗರ ಮುಂದ ಹಂಗ ಅನ್ನಬಾರದಿತ್ತು.”

ಈ ಮಾತು ಕೇಳಲಿಕ್ಕೆಂದೇ ಅವನು ಏಳು ವರ್ಷ ಸೋತಿದ್ದ. ಇನ್ನು ಸ್ವಲ್ಪ ಹೊತ್ತು ಅದು ಹಾಗೇ ಇರಲಿ ಎಂದು ಸುಮ್ಮನೆ ಕಾಲು ತೊಳೆದುಕೊಂಡು ಒಳಗೆ ಬಂದ.

ಅಡಿಗೆಯ ಪಡಸಾಲೆಯಲ್ಲಿ ಎಂದೂ ಇಲ್ಲದ ಬೆಳಕು. ತಾಯಪ್ಪ ತಲೆ ಎತ್ತಿದ. ಮೇಲೆ ಜಂತಿ ಇದ್ದವು, ಜಂತಿಗಳ ನಡುವೆ ಮೋಡ ಇತ್ತು.

“ಹಳೆ ತಗಡು ಎಲ್ಲಿ ಬೇ?”

“ಎರಡಲ್ಲ, ಈಗ ನಾಕು ಹೊಸವು ಬರ್ತಾವಲ್ಲ ಅಂತ ನಾಕೂ ತೆಗಸಿ ಬೂದೆಮ್ಮಗ ಕೊಟ್ಟೀನಿ,” ಅಂದಳು ಹುಲಗೆಮ್ಮ. “ಆಗ್ಲೆ ಹಟ್ಟಿಗೆ ಹೊಡಕೊಂಡಾಳ. ಬಂಡಿ ಎಷ್ಟೊತ್ತಿಗೆ ಬರ್ತದ?”

ತಾಯಪ್ಪನ ಅಂಗೈಯಲ್ಲಿ ಎರಡು ರೂಪಾಯಿ ಬೆವೆತವು. ಮೊದಲ ಹನಿ ಒಲೆಯ ಬೂದಿಯ ಮೇಲೆ ಬಿತ್ತು. ಪಕ್ಕದ ಹಟ್ಟಿಯಲ್ಲಿ ಬೂದೆಮ್ಮನ ಆಡುಗಳು ಸೂರಿನ ಕೆಳಗೆ ಬೆಚ್ಚಗೆ ನಿಂತು ಮೆಲುಕು ಹಾಕುತ್ತಿದ್ದವು.