ಮಾವಿನಹಣ್ಣು ಮುನಿಸಿಕೊಂಡ ಹಿಂದಿ ಪಾಠ

ಹಿಂದಿ ಕಲಿಸಲು ಹೊರಟರೆ ಹಿಂದಿಯೊಂದನ್ನು ಬಿಟ್ಟು ಬೇರೆಲ್ಲ ನಡೆಯುತ್ತದೆ ಎಂಬುದು ನನಗೆ ಬೀಡಿ ಎಂಬ ಊರಿನ ಶಾಲೆಗೆ ಬಂದ ಮೇಲೆಯೇ ತಿಳಿದದ್ದು. ನಾನು ಬೆಳಗಾವಿಯ ಟಿಳಕವಾಡಿಯಿಂದ ದಿನಾ ಬಸ್ಸು ಹಿಡಿದು ಬರುವ ಅತಿಥಿ ಶಿಕ್ಷಕಿ. ಶುಕ್ರವಾರ ಶಿಕ್ಷಣ ಇಲಾಖೆಯ ಸಾಹೇಬರು ನನ್ನ ಪಾಠ ನೋಡಲು ಬರುತ್ತಾರೆ, ಮೆಚ್ಚಿದರೆ ಮುಂದಿನ ವರ್ಷವೂ ನೀವೇ, ಇಲ್ಲದಿದ್ದರೆ ಇಲ್ಲ ಎಂದು ಹೆಡ್‌ಮಾಸ್ತರರು ಹೇಳಿಬಿಟ್ಟರು.

ನನಗೆ ಹುಮ್ಮಸ್ಸು ಬಂತು. ಪುಸ್ತಕ ಮುಚ್ಚಿಸಿ ಮಕ್ಕಳ ಕೊರಳಿಗೇ ಶಬ್ದಗಳ ರಟ್ಟು ಕಟ್ಟಿದೆ. ಮೊದಲು ‘ರಾಮ್’, ಆಮೇಲೆ ‘ಆಮ್’, ಕಡೆಗೆ ‘ಖಾತಾ ಹೈ’. ಮೂವರು ಸಾಲಾಗಿ ನಿಂತರೆ ರಾಮ ಮಾವಿನಹಣ್ಣು ತಿನ್ನುತ್ತಾನೆ! “ಕ್ರಿಯಾಪದ ಯಾವತ್ತೂ ಕಡೀಕ ನಿಂದ್ರಬೇಕು” ಎಂದು ಸಾರಿ ಸಾರಿ ಹೇಳಿದೆ.

ಊಟದ ಸಾಲು

ಅಂದು ಮಧ್ಯಾಹ್ನ ಬಿಸಿಯೂಟದ ಸಾಲು ಮುಂದೆ ಬರುವ ಬದಲು ಹಿಂದೆ ಹಿಂದೆ ಹೋಗತೊಡಗಿತು. ನೋಡಿದರೆ ಬೇರೆ ಬೇರೆ ವಾಕ್ಯಗಳ ಕ್ರಿಯಾಪದದ ರಟ್ಟು ಕಟ್ಟಿಕೊಂಡ ಐವರು ಕಡೆಯ ಜಾಗಕ್ಕೆ ಕಿತ್ತಾಡುತ್ತ ಬೋರ್‌ವೆಲ್ ತನಕ ಹೋಗಿದ್ದಾರೆ. ಅಡುಗೆಯಾಕೆ ಸೌಟು ಹಿಡಿದು ಬಂದಳು: “ಅಕ್ಕೋರ, ನಿಮ್ಮ ವ್ಯಾಕರಣ ಮುಗಿಯೂದ್ರಾಗ ನನ್ನ ಸಾರು ಆರ್ತೈತ್ರಿ!”

ಹಣ್ಣಿನ ಪಾರ್ಟು

ಮರುದಿನ ‘ಆಮ್’ ಆಗಿದ್ದ ಹುಡುಗಿಯ ಅಪ್ಪ ಹೊಲದಿಂದ ನೆಟ್ಟಗೆ ಬಂದರು.

“ನಮ್ಮ ಮನಿತನದಾಗ ಎಲ್ಲಾರೂ ಊರ ನಾಟಕದಾಗ ರಾಜನ ಪಾರ್ಟು ಮಾಡಿದೋರು. ನಮ್ಮಕಿಗೆ ಹಣ್ಣಿನ ಪಾರ್ಟು ಕೊಟ್ಟೀರಲ್ರಿ!”

“ಇದು ನಾಟಕ ಅಲ್ರಿ, ಪಾಠ” ಎಂದೆ.

ಅವರು ತಣ್ಣಗಾಗಿ ಹೊರಟವರು ಬಾಗಿಲಲ್ಲಿ ನಿಂತರು. “ಆತು ಬಿಡ್ರಿ. ಹಣ್ಣಿಗೆ ಒಂದ್ ಹಾಡಾದ್ರೂ ಐತೇನ್ರಿ?”

ಶುಕ್ರವಾರ

ಸಾಹೇಬರು ಬಂದು ಕುಳಿತರು. ‘ರಾಮ್’ ನಿಂತಳು, ‘ಆಮ್’ ನಿಂತಳು. ‘ಖಾತಾ ಹೈ’ ಬಂದದ್ದೇ ತಡ, ‘ಆಮ್’ ಮಾರು ದೂರ ಸರಿದಳು. ಬೆಳಿಗ್ಗೆ ಇಬ್ಬರಿಗೂ ಪೆನ್ಸಿಲ್ಲಿಗೆ ಜಗಳವಾಗಿತ್ತಂತೆ.

“ಬಾಜೂಕ ನಿಂದ್ರವಾ” ಎಂದು ಬೇಡಿಕೊಂಡೆ.

“ಒಲ್ಲೆರಿ. ಆಕಿ ಬಾಯಾಗ ನಾ ಹೋಗಂಗಿಲ್ಲ!”

ಸಾಹೇಬರು ಗಡಿಯಾರ ನೋಡಿಕೊಂಡರು. ನನ್ನ ಕೆಲಸ ಹೋಯಿತು ಎಂದುಕೊಂಡೆ. ಅಷ್ಟರಲ್ಲಿ ಎಂದೂ ಬಾಯಿ ಬಿಡದ ಹಿಂದಿನ ಸಾಲಿನ ಹುಡುಗಿಯೊಬ್ಬಳು ಮೇಜಿನ ಮೇಲಿದ್ದ ‘ನಹೀಂ’ ರಟ್ಟು ಹಾಕಿಕೊಂಡು ಓಡಿಬಂದು ಇಬ್ಬರ ನಡುವೆ ನಿಂತುಬಿಟ್ಟಳು. ರಾಮ ಮಾವಿನಹಣ್ಣು ತಿನ್ನುವುದಿಲ್ಲ! ವಾಕ್ಯವೂ ಸರಿಹೋಯಿತು, ಜಗಳವೂ ನಿಂತಿತು. ನನಗೆ ಕುಣಿಯುವಷ್ಟು ಖುಷಿ.

ಸಾಹೇಬರು ಎದ್ದೇ ನಿಂತರು. “ಭೇಷ್! ಅಲ್ಲೇ ನಿಂದ್ರಬೇಕಂತ ಯಾರು ಕಲಿಸ್ಯಾರವಾ?”

ನನ್ನ ಹೆಸರೇ ಬರುತ್ತದೆಂದು ಸೆರಗು ಸರಿಮಾಡಿಕೊಂಡೆ.

“ನಮ್ಮ ಅಜ್ಜಿರಿ” ಎಂದಳು. “ಅಪ್ಪಾ, ಕಾಕಾ ಜಗಳಾಡಿದ ದಿನಾ ಊಟಕ್ಕ ಆಕಿ ಹಿಂಗ ಇಬ್ಬರ ನಡಬರಕ ಕುಂದರ್ತಾಳ್ರಿ.”

ಸಾಹೇಬರು ನಗು ತಡೆಯಲಾರದೆ ಹೆಡ್‌ಮಾಸ್ತರರ ಕಡೆ ತಿರುಗಿದರು. “ಈ ಅಕ್ಕೋರು ಮುಂದಿನ ವರ್ಷಾನೂ ಇರ್ಲಿ. ಅಜ್ಜಿ ಒಪ್ಪಿದ್ರ ಆಕೀನೂ ಕರಕೊಳ್ರಿ!”